ಮೊದಲ ಸ್ಪ್ರಿಂಟ್ ಟ್ರಯಥ್ಲಾನ್‌ಗೆ ಚಳಿಗಾಲದ ತಯಾರಿ

ಸ್ಪ್ರಿಂಟ್ ಟ್ರಯಥ್ಲಾನ್ ಅಂದರೆ ಒಂದರ ಹಿಂದೊಂದು 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಚಳಿಗಾಲದ ಹೆಚ್ಚಿನ ಸಮಯವನ್ನು ಈಜಿಗೇ ಕೊಡಿ. ಶುರುವಿನಲ್ಲಿ 25 ಮೀಟರ್‌ಗೇ ನನಗೆ ಏದುಸಿರು ಬರುತ್ತಿತ್ತು. ಶಕ್ತಿ ಇರಲಿಲ್ಲ ಅಂತಲ್ಲ, ಮುಖ ನೀರಲ್ಲಿದ್ದಾಗ ಉಸಿರು ಬಿಗಿಹಿಡಿಯುತ್ತಿದ್ದೆ. ನೀರೊಳಗೆ ಗುಳ್ಳೆ ಬಿಡುತ್ತಾ ಪೂರ್ತಿ ಉಸಿರು ಬಿಡಿ. ತಲೆ ಎತ್ತಬೇಡಿ, ಪಕ್ಕಕ್ಕೆ ಹೊರಳಿಸಿ ಉಸಿರು ಎಳೆದುಕೊಳ್ಳಿ. 50 ಮೀಟರ್‌ನಂತೆ ಎಂಟು ಸಲ ಈಜಿ, ನಡುನಡುವೆ ಅರ್ಧ ನಿಮಿಷ ಸುಧಾರಿಸಿಕೊಳ್ಳಿ. ವಾರ ಕಳೆದಂತೆ ಆ ಬಿಡುವನ್ನು ಕಡಿಮೆ ಮಾಡಿ. ಒಂದು ದಿನ 400 ಮೀಟರ್ ನಿಲ್ಲದೆ ಮುಗಿಸಿದಾಗ ನನಗಾದ ಖುಷಿ ಇನ್ನೂ ನೆನಪಿದೆ.

ಹೊರಗೆ ಕತ್ತಲು, ರಸ್ತೆ ಒದ್ದೆ ಇದ್ದರೆ ಮನೆಯೊಳಗೇ ಟ್ರೈನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯಲು ಹಿಡಿದಿಡುವ ಸ್ಟ್ಯಾಂಡ್) ಮೇಲೆ 40 ನಿಮಿಷ ಸೈಕಲ್ ತುಳಿಯಿರಿ. ಫ್ಯಾನ್ ಬೇಕೇ ಬೇಕು, ಗಾಳಿಯಿಲ್ಲದೆ ಬೆವರು ಜಾಸ್ತಿ. ಓಟಕ್ಕೆ ಹೊರಡುವಾಗ ಸ್ವಲ್ಪ ಚಳಿ ಅನಿಸುವಷ್ಟೇ ಬಟ್ಟೆ ಸಾಕು.

ವಾರಕ್ಕೊಮ್ಮೆ ಸೈಕಲ್ ಇಳಿದ ಕೂಡಲೇ 10 ನಿಮಿಷ ಓಡಿ. ಮೊದಲ ಸಲ ಕಾಲು ಮರಗಟ್ಟಿದಂತೆ ಆಗುತ್ತದೆ. ಆ ಅನುಭವ ರೇಸ್ ದಿನವೇ ಹೊಸದಾಗಿ ಆಗಬಾರದು, ಅಲ್ವಾ?

ಬೇಸಿಗೆ ಹತ್ತಿರವಾಗಿ ನೀರು ಬೆಚ್ಚಗಾದ ಮೇಲೆ ಕೆರೆಯಲ್ಲೂ ಈಜಿ ನೋಡಿ. ಒಬ್ಬರೇ ಮಾತ್ರ ಇಳಿಯಬೇಡಿ.