ದೋಣಿ, ಮಳೆ, ವಿಮಾನ: ವೆಕ್ಟರ್ ಹಾಕಿ ವೇಗದ ಲೆಕ್ಕ ಬಿಡಿಸೋದು ಹೇಗೆ

ಶಿವಮೊಗ್ಗದಲ್ಲಿ ಸಾಯಂಕಾಲ ಫಸ್ಟ್ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಟ್ಯೂಷನ್ ಮಾಡ್ತೀನಿ. ಹೋದ ವರ್ಷ ಮಂಡಗದ್ದೆ ಕಡೆಯಿಂದ ಬರೋ ಒಬ್ಬಳು ಹುಡುಗಿಗೆ ಒಂದು ಲೆಕ್ಕ ಕೊಟ್ಟಿದ್ದೆ, ನಿಂತ ನೀರಲ್ಲಿ ಸೆಕೆಂಡಿಗೆ 2 ಮೀಟರ್ ಹೋಗೋ ದೋಣಿ, ಹೊಳೆ ಹರಿವು 1.5, ದೋಣಿ ಮೂತಿ ನೇರ ಆಚೆ ದಡಕ್ಕೆ ಇದೆ, ದಡದಲ್ಲಿ ನಿಂತವರಿಗೆ ಅದರ ವೇಗ ಎಷ್ಟು ಕಾಣ್ತದೆ ಅಂತ. ಅವಳು 2 + 1.5 = 3.5 ಅಂತ ಬರೆದು ಅಡಿಗೆರೆ ಎಳೆದಿದ್ಲು. ನಿಮ್ಮಜ್ಜ ದೋಣಿ ಹಾಕ್ತಿದ್ರಲ್ಲ, ಅವರು ಹೆಂಗೆ ದಾಟಿಸ್ತಿದ್ರು ಅಂತ ಕೇಳಿದೆ. "ಅಜ್ಜ ಮೊದ್ಲು ದಡದ ಗುಂಟ ಮೇಲಕ್ಕೆ ಒಂದಷ್ಟು ದೂರ ಹುಟ್ಟು ಹಾಕ್ಕಂಡು ಹೋಗಿ ಆಮೇಲೆ ಆಚೆಗೆ ತಿರುಗಿಸ್ತಿದ್ರು ಸರ್, ಇಲ್ಲಾಂದ್ರೆ ಇಳಿಯೋ ಜಾಗ ಸಿಗಲ್ಲ, ಕೆಳಗೆ ಹೋಗಿಬಿಡ್ತದೆ" ಅಂದ್ಲು. ಇಡೀ ಪಾಠ ಆ ಮಾತಲ್ಲೇ ಇತ್ತು, ನೋಟ್ಸಿಗೆ ಇಳಿಸೋದು ಮಾತ್ರ ಬಾಕಿ.

ಮೊದ್ಲು ಪದದ ಗೊಂದಲ ಬಿಡಿಸ್ಕಳಿ. ಹೈಸ್ಕೂಲ್ ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಜವ, ವೇಗ, ಅದಿಶ, ಸದಿಶ ಅಂತ ಗೊತ್ತಿರ್ತದೆ, ಪಿಯುಸಿಗೆ ಬಂದ ತಕ್ಷಣ ಅದೇ ಸ್ಪೀಡ್, ವೆಲಾಸಿಟಿ, ಸ್ಕೇಲಾರ್, ವೆಕ್ಟರ್ ಆಗ್ತದೆ, ಮಕ್ಕಳು ಇದು ಹೊಸ ವಿಷಯ ಅಂದ್ಕಂಡು ಹೆದರ್ತಾರೆ. ಹೊಸದೇನಿಲ್ಲ. ಜವಕ್ಕೆ ದಿಕ್ಕು ಸೇರಿದ್ರೆ ವೇಗ, ಅಷ್ಟೆ. ಆದ್ರೆ ದಿಕ್ಕು ಸೇರಿದ ಮೇಲೆ ಸುಮ್ನೆ ಸಂಖ್ಯೆ ಕೂಡ್ಸಂಗಿಲ್ಲ, ಬಾಣ ಕೂಡ್ಸಬೇಕು, ಬಾಣದ ಉದ್ದ ಅಂದ್ರೆ ಎಷ್ಟು ಜವ, ತುದಿ ಅಂದ್ರೆ ಎತ್ತ ದಿಕ್ಕು.

ಫಾರ್ಮುಲಾ ಮುಟ್ಟೋಕೆ ಮುಂಚೆ ಒಂದು ಕೆಲಸ ಮಾಡಿ, ನಾನು ಇದನ್ನ ಪ್ರತಿ ಲೆಕ್ಕಕ್ಕೂ ಬರೆಸ್ತೀನಿ, ಬರೀದೆ ಇದ್ರೆ ಮುಂದಕ್ಕೆ ಬಿಡಲ್ಲ. ಕೊಟ್ಟಿರೋ ಒಂದೊಂದು ವೇಗದ ಪಕ್ಕ ಯಾರ ವೇಗ, ಯಾರಿಗೆ ಹೋಲಿಸಿದ್ದು ಅಂತ ಎರಡು ಹೆಸರು ಬರೀರಿ. ದೋಣಿ ಲೆಕ್ಕದಲ್ಲಿ 2 ಅನ್ನೋದು ದೋಣಿ-ನೀರು, 1.5 ಅನ್ನೋದು ನೀರು-ದಡ. ನಮಗೆ ಬೇಕಾಗಿರೋದು ದೋಣಿ-ದಡ. ಈಗ ನೋಡಿ, ದೋಣಿ-ನೀರು ಮತ್ತೆ ನೀರು-ದಡ ಸೇರಿಸಿದ್ರೆ ನಡುವಿನ ನೀರು ಕೊಂಡಿ ಹಾಕಿದಂಗೆ ಹೋಗಿ ದೋಣಿ-ದಡ ಉಳೀತದೆ. ಕೊಂಡಿ ಕೂಡಿದ್ರೆ ಕೂಡಿಸಿ. ಹೆಸರು ಉಲ್ಟಾ ಇದ್ರೆ ಆ ಬಾಣದ ದಿಕ್ಕನ್ನ ಉಲ್ಟಾ ಮಾಡಿ ಆಮೇಲೆ ಕೂಡಿಸಿ. ಎಲ್ಲಿ ಕೂಡ್ಸೋದು ಎಲ್ಲಿ ಕಳೆಯೋದು ಅನ್ನೋ ಗೋಳು ಇಲ್ಲಿಗೇ ಮುಗೀತದೆ.

ಆಮೇಲೆ ಚಿತ್ರ. ಗ್ರಾಫ್ ಶೀಟ್ ತಗಳಿ, 1 ಸೆಂಟಿಮೀಟರ್ ಅಂದ್ರೆ 0.5 ಮೀ/ಸೆ ಅಂತ ಇಟ್ಕಳಿ. ದೋಣಿ ಬಾಣ ಆಚೆ ದಡದ ಕಡೆಗೆ 4 ಸೆಂಟಿಮೀಟರ್, ಅದರ ತುದಿಯಿಂದ ಶುರು ಮಾಡಿ ಹರಿವಿನ ಬಾಣ ಬಲಕ್ಕೆ 3 ಸೆಂಟಿಮೀಟರ್. ಮೊದಲನೇ ಬಾಣದ ಬಾಲದಿಂದ ಎರಡನೇದರ ತುದಿಗೆ ಗೆರೆ ಎಳೆದು ಸ್ಕೇಲ್ ಇಡಿ, ಸರಿಯಾಗಿ 5 ಸೆಂಟಿಮೀಟರ್ ಬರ್ತದೆ, ಅಂದ್ರೆ 2.5 ಮೀ/ಸೆ. ಪೈಥಾಗೋರಸ್ ಹಾಕಿದ್ರೂ ಅದೇ, √(4 + 2.25) = 2.5. ದಿಕ್ಕು? ಟ್ಯಾನ್ = 1.5/2 = 0.75, ಕೋನ ಸುಮಾರು 36.9 ಡಿಗ್ರಿ, ನೇರ ಗೆರೆಯಿಂದ ಕೆಳಹರಿವಿನ ಕಡೆಗೆ. ದಿಕ್ಕು ಬರೀದೆ 2.5 ಅಂತ ಮಾತ್ರ ಬರೆದ್ರೆ ಅದು ಅರ್ಧ ಉತ್ತರ, ಮಾರ್ಕ್ಸೂ ಅರ್ಧಕ್ಕೇ ನಿಲ್ತದೆ.

ಹೊಳೆ ಅಗಲ 100 ಮೀಟರ್ ಅಂತ ಇಟ್ಕಳಿ. ದಾಟೋಕೆ ಎಷ್ಟು ಹೊತ್ತು ಅಂದ್ರೆ ಬಹಳ ಮಕ್ಕಳು 100ನ್ನ 2.5ರಿಂದ ಭಾಗಿಸ್ತಾರೆ, ತಪ್ಪು. ಆಚೆ ದಡಕ್ಕೆ ಹತ್ರ ಮಾಡೋದು ಅಡ್ಡ ದಿಕ್ಕಿನ 2 ಮಾತ್ರ, ಹರಿವು ಎಷ್ಟೇ ಜೋರಿದ್ರೂ ಅದು ದೋಣೀನ ದಡದ ಕಡೆಗೆ ಒಂದಿಂಚೂ ತಳ್ಳಲ್ಲ. ಹಂಗಾಗಿ 50 ಸೆಕೆಂಡ್. ಆ 50 ಸೆಕೆಂಡಲ್ಲಿ ಹೊಳೆ 1.5 × 50 = 75 ಮೀಟರ್ ಕೆಳಗೆ ಎಳ್ಕಂಡು ಹೋಗಿರ್ತದೆ. ಎರಡು ದಿಕ್ಕಿನ ಲೆಕ್ಕ ಬೇರೆಬೇರೆ ನಡೀತದೆ, ಎರಡಕ್ಕೂ ಟೈಮ್ ಮಾತ್ರ ಒಂದೇ. ಇದು ನನಗೆ ಈ ಚಾಪ್ಟರಲ್ಲಿ ಎಲ್ಲಕ್ಕಿಂತ ಚಂದ ಅನ್ಸೋ ವಿಷಯ, ಮುಂದೆ ಪ್ರೊಜೆಕ್ಟೈಲ್ (ಎಸೆದ ವಸ್ತುವಿನ ಚಲನೆ) ಬಂದಾಗ್ಲೂ ಇದೇ ಕೈ ಹಿಡೀತದೆ.

ಈಗ ಅಜ್ಜನ ಲೆಕ್ಕ, ನೇರ ಎದುರಿಗೇ ಹೋಗಿ ಇಳೀಬೇಕು. ಅಜ್ಜ ಮೊದ್ಲೇ ಮೇಲಕ್ಕೆ ಹೋಗಿ ಸರಿ ಮಾಡ್ಕಳ್ತಿದ್ದಿದ್ದನ್ನ ನಾವು ದೋಣಿ ಮೂತೀನ ಮೇಲಕ್ಕೆ ಓರೆ ಮಾಡಿ ಮಾಡ್ತೀವಿ. ದೋಣಿಯ 2ರಲ್ಲಿ 1.5ರಷ್ಟು ಭಾಗ ಹರಿವಿನ ವಿರುದ್ಧಕ್ಕೆ ಖರ್ಚಾಗ್ಬೇಕು. ಸೈನ್ = 1.5/2, ಕೋನ ಸುಮಾರು 48.6 ಡಿಗ್ರಿ. ಉಳಿಯೋದು √(4 − 2.25), ಅಂದ್ರೆ ಸುಮಾರು 1.32 ಮೀ/ಸೆ, ದಾಟೋಕೆ 76 ಸೆಕೆಂಡ್ ಹತ್ರ. ನೇರ ಹೋದ್ರೆ ಹೊತ್ತು ಜಾಸ್ತಿ, ಬೇಗ ಹೋದ್ರೆ ಕೆಳಗೆ ಇಳೀತೀರಿ. ಪರೀಕ್ಷೆಯಲ್ಲಿ "ಕಡಿಮೆ ಸಮಯ" ಅಂತ ಕೇಳಿದಾರಾ, "ಕಡಿಮೆ ದೂರ" ಅಂತ ಕೇಳಿದಾರಾ ಅಂತ ಎರಡು ಸಲ ಓದಿ.

ಇನ್ನು ಜುಲೈನಲ್ಲಿ ತುಂಗೆ ಕೆಂಪಾಗಿ ಹರಿವಾಗ ಹರಿವು 2.5 ಆಯ್ತು ಅಂತ ಇಟ್ಕಳಿ, ಸೈನ್ = 1.25. ಕ್ಯಾಲ್ಕುಲೇಟರ್ ಎರರ್ ಅಂತದೆ, ಮಕ್ಕಳು ಎಲ್ಲೋ ತಪ್ಪು ಒತ್ತಿದೆ ಅಂತ ಮತ್ತೆ ಮತ್ತೆ ಒತ್ತಾರೆ. ತಪ್ಪಿಲ್ಲ. ಆ ದೋಣಿಗೆ ಆ ದಿನ ನೇರ ಎದುರಿಗೆ ಹೋಗೋಕೆ ಸಾಧ್ಯವೇ ಇಲ್ಲ, ಮೂತಿ ಎತ್ತ ತಿರುಗಿಸಿದ್ರೂ ಒಂದಿಷ್ಟು ಕೆಳಗೆ ಹೋಗ್ಲೇಬೇಕು. ಆ ಎರರ್‌ಗೆ ಅರ್ಥ ಇದೆ, ಅದನ್ನೇ ಉತ್ತರ ಅಂತ ಬರೀರಿ.

ಕಳೆಯೋ ಲೆಕ್ಕಕ್ಕೆ ಮಳೆಗಿಂತ ಒಳ್ಳೆ ಉದಾಹರಣೆ ಬೇಡ. ಆಗುಂಬೆ ರಸ್ತೇಲಿ ಬೈಕಲ್ಲಿ ಹೋಗ್ತಾ ಇದೀರಿ, ಗಂಟೆಗೆ 36 ಕಿಲೋಮೀಟರ್, ಅಂದ್ರೆ 10 ಮೀ/ಸೆ. ಗಾಳಿ ಇಲ್ಲ, ಮಳೆ ನೆಟ್ಟಗೆ 8 ಮೀ/ಸೆ ಬೀಳ್ತಿದೆ. ಕೊಟ್ಟಿರೋದು ಮಳೆ-ನೆಲ, ಬೈಕ್-ನೆಲ. ಬೇಕಾಗಿರೋದು ಮಳೆ-ಬೈಕ್. ಕೊಂಡಿ ಕೂಡ್ಬೇಕಂದ್ರೆ ಬೈಕ್-ನೆಲ ಉಲ್ಟಾ ಆಗಿ ನೆಲ-ಬೈಕ್ ಆಗ್ಬೇಕು, ಅಂದ್ರೆ 10ರ ಬಾಣ ಹಿಂದಕ್ಕೆ ತಿರುಗಿತು. ಹಿಂದಕ್ಕೆ 10, ಕೆಳಕ್ಕೆ 8, ಒಟ್ಟು √164, ಸುಮಾರು 12.8 ಮೀ/ಸೆ. ಟ್ಯಾನ್ = 10/8, ನೆಟ್ಟಗಿನ ಗೆರೆಯಿಂದ 51 ಡಿಗ್ರಿ ಓರೆಯಾಗಿ ಮುಂದಿನಿಂದ ಮುಖಕ್ಕೆ ಬಡೀತದೆ. ಬೈಕ್ ನಿಲ್ಲಿಸಿ ನೋಡಿ, ಅದೇ ಮಳೆ ತಲೆ ಮೇಲೆ ನೆಟ್ಟಗೆ ಬೀಳ್ತದೆ. ಕೊಡೆ ಹಿಡ್ಕಂಡು 1.5 ಮೀ/ಸೆ ನಡೆದ್ರೆ ಕೋನ ಬರೀ 10.6 ಡಿಗ್ರಿ, ಕೊಡೆ ಅಷ್ಟು ಮುಂದಕ್ಕೆ ಬಗ್ಗಿಸಿದ್ರೆ ಸಾಕು, ಶಾಲೆಗೆ ನಡ್ಕಂಡು ಹೋಗೋ ಮಕ್ಕಳು ಯಾರೂ ಹೇಳ್ಕೊಡದೆ ಅದನ್ನೇ ಮಾಡ್ತಾರೆ.

ಬಾಣಗಳ ನಡುವೆ 90 ಡಿಗ್ರಿ ಇಲ್ದೆ ಇದ್ರೆ ಪೈಥಾಗೋರಸ್ ನೇರವಾಗಿ ನಡಿಯಲ್ಲ, ಆಗ ಒಂದೊಂದು ಬಾಣಾನೂ ಎರಡು ತುಂಡು ಮಾಡಿ. ಸೋಗಾನೆಯಲ್ಲಿ 2023ರಲ್ಲಿ ಶುರುವಾದ ನಮ್ಮ ಏರ್‌ಪೋರ್ಟಿಂದ ಬೆಂಗಳೂರಿನ ಕಡೆ ಹೊರಟ ವಿಮಾನ ತಗಳಿ. ಗಾಳಿಗೆ ಹೋಲಿಸಿ ಅದರ ವೇಗ ಗಂಟೆಗೆ 400 ಕಿಲೋಮೀಟರ್, ಮೂತಿ ಪೂರ್ವದಿಂದ ದಕ್ಷಿಣಕ್ಕೆ 30 ಡಿಗ್ರಿ, ಗಾಳಿ ಪಶ್ಚಿಮದಿಂದ ಪೂರ್ವಕ್ಕೆ 50. ಪೂರ್ವದ ತುಂಡು 400 × ಕಾಸ್ 30 = 346.4, ದಕ್ಷಿಣದ್ದು 400 × ಸೈನ್ 30 = 200. ಕಾಸ್ ಯಾವುದಕ್ಕೆ ಸೈನ್ ಯಾವುದಕ್ಕೆ ಅಂತ ಬಾಯಿಪಾಠ ಮಾಡ್ಬೇಡಿ, ಕೋನ ಯಾವ ಗೆರೆಯಿಂದ ಅಳೆದಿದಾರೋ ಆ ಗೆರೆಯ ತುಂಡಿಗೆ ಕಾಸ್, ಇನ್ನೊಂದಕ್ಕೆ ಸೈನ್. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆಯಾ ರೇಡಿಯನ್‌ನಲ್ಲಿದೆಯಾ ಅಂತ ಸೈನ್ 30 ಒತ್ತಿ ನೋಡ್ಕಳಿ, 0.5 ಬರ್ಬೇಕು. ಗಾಳಿಯ 50 ಪೂರ್ವಕ್ಕೆ ಮಾತ್ರ ಸೇರ್ತದೆ, 396.4. ದಕ್ಷಿಣ 200 ಹಂಗೇ ಇರ್ತದೆ. ಒಟ್ಟು ಸುಮಾರು 444, ಕೋನ 26.8 ಡಿಗ್ರಿ. ಅಂದ್ರೆ ನೆಲದ ಮೇಲಿನ ದಾರಿ ಮೂತಿಗಿಂತ ಮೂರು ಡಿಗ್ರಿ ಚಿಲ್ಲರೆ ಪೂರ್ವಕ್ಕೆ ವಾಲಿದೆ.

ಇದೇ ವಿಮಾನ ವಾಪಸ್ ಬರೋದನ್ನ ನೀವೇ ಮಾಡಿ, ಮೂತಿ ಪಶ್ಚಿಮದಿಂದ ಉತ್ತರಕ್ಕೆ 30 ಡಿಗ್ರಿ, ಗಾಳಿ ಅದೇ. ಚಿತ್ರ ಮೊದ್ಲು, ಹೆಸರು ಎರಡೆರಡು. ಸುಮಾರು 358 ಮತ್ತು 34 ಡಿಗ್ರಿ ಬಂದ್ರೆ ಸರಿ, 444 ಬಂದ್ರೆ ಗಾಳಿಯ ಬಾಣ ಎತ್ತ ಹಾಕಿದೀರಿ ಅಂತ ಒಂದ್ಸಲ ನೋಡಿ.