ಗೋವಾ ಮಳೆಗೆ ಕೊಳೆತ ಹಿತ್ತಲ ಡೆಕ್: ಸರಿಪಡಿಸಿದ್ದು ಹೀಗೆ

ಮಡಗಾಂವ್ ಹಿತ್ತಲಿನ 3×3 ಮೀಟರ್ ಮರದ ಡೆಕ್ಕಿನ (ಹಲಗೆ ಹಾಸಿದ ತೆರೆದ ಜಗಲಿ) ಹಲಗೆಗಳು ಎರಡೇ ಮಳೆಗಾಲಕ್ಕೆ ದೋಣಿಯಂತೆ ಬಾಗಿ, ತುದಿಯಲ್ಲಿ ಕೊಳೆತಿದ್ದವು. ತಪ್ಪು ಮರದ್ದಲ್ಲ. ಹಲಗೆಗಳ ನಡುವೆ ಸಂದಿರಲಿಲ್ಲ, ಅಡಿಯಲ್ಲಿ ಗಾಳಿಯಾಡುತ್ತಿರಲಿಲ್ಲ. ಹಿಮ ಬೀಳುವ ಊರುಗಳಲ್ಲಿ ಹೆಪ್ಪುಗಟ್ಟಿದ ನೆಲ ಕಂಬವನ್ನು ಮೇಲೆತ್ತದಂತೆ ಆಳದ ಪಾಯ ಬೇಕು. ಇಲ್ಲಿ ಮರ ಬೇಗ ಒಣಗಬೇಕು, ಅಷ್ಟೇ.

ಕೆಡವಿದ ಮನೆಯ ಹಳೇ ಮತ್ತಿ ಮರ ಬಳಸಿದೆ. ಗೋವಾದಲ್ಲೂ ಇದರ ಹೆಸರು ಅದೇ. ನೆಲದಿಂದ 30 ಸೆಂ.ಮೀ. ಎತ್ತರದ ಕೆಂಪುಕಲ್ಲಿನ ಮೋಟುಗಂಬ, ಮೇಲೆ ಡಾಂಬರ್ ಹಾಳೆ, ಸುಮಾರು 37 ಸೆಂ.ಮೀ.ಗೆ ಒಂದರಂತೆ 9 ತೊಲೆ. ತೊಲೆಗಳ ನೆತ್ತಿಗೆ ಬ್ಯುಟೈಲ್ ಟೇಪ್ (ನೀರಿಳಿಯದ ರಬ್ಬರಿನಂಥ ಅಂಟುಪಟ್ಟಿ). 10 ಸೆಂ.ಮೀ. ಅಗಲದ 28 ಹಲಗೆಗಳ ನಡುವೆ 6 ಮಿ.ಮೀ. ಸಂದು.

ಹಲಗೆ ತೊಲೆಯ ಮೇಲೆ ಕೂರುವ ಪ್ರತಿ ಕಡೆ 2ರಂತೆ 504 ಸ್ಕ್ರೂ, 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲೇ ಆಗಬೇಕು. ಸಾದಾ ಕಬ್ಬಿಣ ಉಪ್ಪುಗಾಳಿಗೆ ತುಕ್ಕು ಹಿಡಿದು, ಮರದ ಟ್ಯಾನಿನ್ (ಒಗರು ಅಂಶ) ಸೇರಿ ಕಪ್ಪು ಕಲೆ ಬಿಡುತ್ತದೆ. ಮೊದಲು ತೂತು ಕೊರೆಯದಿದ್ದರೆ ಮತ್ತಿ ಸೀಳುತ್ತದೆ.

ಎಲ್ಲಕ್ಕಿಂತ ಮುಖ್ಯ ಕೊಯ್ದ ತುದಿಗಳು: ಮರ ಹೆಚ್ಚು ನೀರು ಹೀರುವುದು ಅಲ್ಲಿಂದಲೇ. ಅವಕ್ಕೆ ಅಗಸೆ ಎಣ್ಣೆ 3 ಸಲ, ಪ್ರತಿಸಲ ಪೂರ್ತಿ ಒಣಗಿಸಿ. ಎಣ್ಣೆಬಟ್ಟೆ ಮುದ್ದೆ ಮಾಡಿಡಬೇಡಿ, ತಾನಾಗಿ ಹೊತ್ತಿಕೊಳ್ಳಬಹುದು, ನೀರಿನಲ್ಲಿ ನೆನೆಸಿಡಿ.