ಮಕ್ಕಳು ತಮ್ಮ ಶಿಕ್ಷಕಿಯ ಬಳಿಯೇ ಉಳಿಯುವಂತೆ: ಪರದೇಶದ ಮಿಷನ್ ಸೇವೆಯಲ್ಲಿ ನನ್ನ ಅನುಭವ

ಪರದೇಶದ ಒಂದು ಪುಟ್ಟ ಕ್ರೈಸ್ತ ಸಭೆಯ ಮಕ್ಕಳ ನಡುವೆ ಸೇವೆ ಮಾಡಲು ನಾನು ಎರಡು ಸಲ ಹೋಗಿ ಬಂದಿದ್ದೇನೆ. ಎರಡು ಸಲವೂ ಸಭೆ ಅದೇ, ಮಕ್ಕಳಲ್ಲಿ ಹೆಚ್ಚಿನವರೂ ಅವರೇ. ಆದರೆ ಮೊದಲ ಸಲ ನಾವು ಮಾಡಿದ್ದಕ್ಕೂ ಎರಡನೆಯ ಸಲ ಮಾಡಿದ್ದಕ್ಕೂ ಅಜಗಜಾಂತರವಿದೆ. ಆ ವ್ಯತ್ಯಾಸ ಹೇಗೆ ಬಂತೆಂಬುದನ್ನು, ಇಂಥ ಸೇವೆಗೆ ಹೊರಡಲಿರುವವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ. ಮಕ್ಕಳ ಗುರುತು ಹೊರಬೀಳಬಾರದೆಂಬ ಕಾರಣಕ್ಕೆ ದೇಶದ ಹೆಸರನ್ನಾಗಲಿ ಸಭೆಯ ಹೆಸರನ್ನಾಗಲಿ ಹೇಳುತ್ತಿಲ್ಲ.

ಮೊದಲ ಸಲ ಹೊರಟಾಗ ನನಗೆ ಸಂಡೇ ಸ್ಕೂಲಿನಲ್ಲಿ ಕಲಿಸಿದ ಹನ್ನೊಂದು ವರ್ಷಗಳ ಅನುಭವವಿತ್ತು. ಆರು ಜನರ ತಂಡ, ಐದು ದಿನಗಳ ವಿ.ಬಿ.ಎಸ್., ಅಂದರೆ ರಜಾದಿನಗಳ ಬೈಬಲ್ ಶಾಲೆ. ಗೊಂಬೆಗಳು, ಬಣ್ಣದ ಕಾಗದ, ಸ್ಟಿಕ್ಕರುಗಳು, ಕೊನೆಯ ದಿನ ಪ್ರತಿಯೊಂದು ಮಗುವಿಗೂ ಕೊಡುವ ಉಡುಗೊರೆಯ ಚೀಲ, ಎಲ್ಲವನ್ನೂ ಇಲ್ಲಿಂದಲೇ ಹೊತ್ತುಕೊಂಡು ಹೋಗಿದ್ದೆವು. ಹಾಡು ಕಲಿಸಿದವರು ನಾವು, ಕಥೆ ಹೇಳಿದವರು ನಾವು, ಆಟ ಆಡಿಸಿದವರೂ ನಾವೇ. ಆ ಊರಿನ ಸಂಡೇ ಸ್ಕೂಲ್ ಶಿಕ್ಷಕಿ ಗೋಡೆಗೆ ಒರಗಿ ನಿಂತು ನೋಡುತ್ತಿದ್ದರು. ಬೇಕಾದಾಗ ಕುರ್ಚಿಗಳನ್ನು ಸರಿಸಿ ಕೊಡುತ್ತಿದ್ದರು. ಕೊನೆಯ ದಿನ ಮಕ್ಕಳು ನಮ್ಮ ಕೈ ಬಿಡದೆ ಅತ್ತರು, ನಾವೂ ಅತ್ತೆವು. ಮನೆಗೆ ಬಂದ ಮೇಲೆ ಸಭೆಯಲ್ಲಿ ಫೋಟೊಗಳನ್ನು ತೋರಿಸಿ ಸಾಕ್ಷಿ ಹೇಳಿದೆವು. ಆ ಅಳುವೇ ಸೇವೆ ಫಲಿಸಿತೆಂಬುದಕ್ಕೆ ಗುರುತೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ಮತ್ತೆ ಬರುವ ವಿಷಯ ಮಾತಾಡಲು ನಾಲ್ಕು ತಿಂಗಳ ಬಳಿಕ ಆ ಶಿಕ್ಷಕಿಗೆ ಫೋನ್ ಮಾಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ನಿಧಾನವಾಗಿ ಹೇಳಿದರು: "ಸಹೋದರಿ, ನೀವು ಹೋದ ಮೇಲೆ ಮೂರು ಭಾನುವಾರ ನನ್ನ ತರಗತಿಗೆ ಮಕ್ಕಳು ಸರಿಯಾಗಿ ಬರಲಿಲ್ಲ. ಬಂದವರು, ಇವತ್ತು ಏನು ಕೊಡುತ್ತೀರಿ ಎಂದು ಕೇಳಿದರು." ಅವರ ದನಿಯಲ್ಲಿ ದೂರು ಇರಲಿಲ್ಲ. ನಾವು ಮತ್ತೆ ಬರುವ ಮೊದಲು ಈ ಮಾತು ನಮಗೆ ತಿಳಿದಿರಲೆಂದು ಹೇಳಿದ್ದರು, ಅಷ್ಟೇ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ವರ್ಷವಿಡೀ ಒಂದು ಭಾನುವಾರವೂ ತಪ್ಪಿಸದೆ ಆ ಮಕ್ಕಳನ್ನು ಕೂಡಿಸಿ ದೇವರ ವಾಕ್ಯ ಕಲಿಸುವ ಒಬ್ಬ ತಾಯಿಯನ್ನು, ಐದೇ ದಿನಗಳಲ್ಲಿ ನಾವು ಅದೇ ಮಕ್ಕಳ ಕಣ್ಣಲ್ಲಿ ಸಣ್ಣವರನ್ನಾಗಿ ಮಾಡಿ ಬಂದಿದ್ದೆವು.

ವಿ.ಬಿ.ಎಸ್. ಎಂಬ ಕ್ರಮ ಎಲ್ಲಿಂದ ಬಂತೆಂಬುದನ್ನು ನಾನು ಗಮನವಿಟ್ಟು ಓದಿದ್ದು ಆಮೇಲೆಯೇ. 1898ರಲ್ಲಿ ನ್ಯೂಯಾರ್ಕಿನ ಎಪಿಫನಿ ಬ್ಯಾಪ್ಟಿಸ್ಟ್ ಸಭೆಗೆ ಸೇರಿದ ಎಲಿಝಾ ಹಾಸ್ ಎಂಬ ತಾಯಿ, ಬೇಸಿಗೆಯಲ್ಲಿ ಬೀದಿಯಲ್ಲಿ ಅಲೆಯುತ್ತಿದ್ದ ಮಕ್ಕಳಿಗಾಗಿ ಬೇರೆ ಜಾಗ ಸಿಗದೆ ಒಂದು ಮದ್ಯದಂಗಡಿಯನ್ನೇ ಬಾಡಿಗೆಗೆ ಹಿಡಿದು ಪಾಠ ಮಾಡಿದರು. ಈಗ ಲೋಕದ ಎಲ್ಲೆಡೆ ನಡೆಯುವ ಈ ಶಾಲೆಗಳ ಬೇರುಗಳಲ್ಲಿ ಅದೂ ಒಂದು. ಆಕೆ ಕಲಿಸಿದ್ದು ತಾನು ವಾಸವಾಗಿದ್ದ ನಗರದ ಮಕ್ಕಳಿಗೆ. ರಜೆ ಮುಗಿದ ಮೇಲೂ ಆ ಮಕ್ಕಳು ಇದ್ದ ನಗರದಲ್ಲೇ ಆಕೆಯೂ ಇದ್ದರು. 1895ರಲ್ಲಿ ಭಾರತಕ್ಕೆ ಬಂದ ಐರ್ಲೆಂಡಿನ ಮಿಷನರಿ ಏಮಿ ಕಾರ್ಮೈಕೆಲ್ 1951ರಲ್ಲಿ ತೀರಿಕೊಳ್ಳುವವರೆಗೂ ಒಮ್ಮೆಯೂ ಸ್ವದೇಶಕ್ಕೆ ಮರಳಲಿಲ್ಲವೆಂಬುದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ನಾವಾದರೋ ಮರಳುವ ಟಿಕೆಟ್ ಕೈಯಲ್ಲಿ ಹಿಡಿದೇ ಹೋಗುವವರು. ಹೋಗಿ ಬರುವವರು ಉಳಿಯುವವರ ಕೆಲಸವನ್ನು ಕೈಗೆತ್ತಿಕೊಳ್ಳಬಾರದು, ಉಳಿಯುವವರ ಕೈ ಬಲಪಡಿಸಬೇಕು ಎಂಬುದು ಆಗ ನನಗೆ ಸ್ಪಷ್ಟವಾಯಿತು.

ಎರಡನೆಯ ಸಲದ ಸಿದ್ಧತೆಯನ್ನು ಎಂಟು ತಿಂಗಳ ಮೊದಲೇ ಆರಂಭಿಸಿದೆವು. ನಾವು ಬಂದು ಏನು ಮಾಡಲಿ ಎಂದು ಆ ಶಿಕ್ಷಕಿಯನ್ನು ಕೇಳಲಿಲ್ಲ. ನಾವು ಹೊರಟುಹೋದ ನಂತರದ ಭಾನುವಾರ ನಿಮ್ಮ ತರಗತಿಯಲ್ಲಿ ಏನು ನಡೆಯಬೇಕು ಎಂದು ಕೇಳಿದೆವು. ಪಾಠಗಳನ್ನು ಅವರೇ ಆರಿಸಿದರು: ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ತಪ್ಪಿಹೋದ ಕುರಿ, 10ನೆಯ ಅಧ್ಯಾಯದ ಒಳ್ಳೆಯ ಸಮಾರ್ಯದವನು, ಯೋಹಾನನ 6ನೆಯ ಅಧ್ಯಾಯದಲ್ಲಿ ಐದು ರೊಟ್ಟಿ ಎರಡು ಮೀನು ತಂದ ಹುಡುಗ. ಈ ಸಲ ನಾವು ನಾಲ್ಕೇ ಜನ. ಮೊದಲ ಎರಡು ದಿನ ಮಕ್ಕಳನ್ನು ಕರೆಯದೆ, ಅಲ್ಲಿನ ಐವರು ಶಿಕ್ಷಕರ ಜೊತೆ ಕುಳಿತು ಪಾಠಗಳನ್ನು ಸಿದ್ಧಪಡಿಸಿದೆವು. ಆ ಐವರಲ್ಲಿ ಇಬ್ಬರು ಆಗಷ್ಟೇ ಶಾಲೆ ಮುಗಿಸಿದ ಯುವಕರು. ನಂತರದ ನಾಲ್ಕು ದಿನಗಳಲ್ಲಿ ಮುಂದೆ ನಿಂತವರು ಅವರು, ಹಿಂದೆ ಕುಳಿತವರು ನಾವು. ಹೆಸರು ಬರೆದುಕೊಳ್ಳುವುದು, ಚಾಪೆ ಹಾಸುವುದು, ಅಂಟು ಹಚ್ಚಲು ಸಹಾಯ ಮಾಡುವುದು, ಕೈ ತೊಳೆಸುವುದು, ಇವು ನಮ್ಮ ಪಾಲಿನ ಕೆಲಸಗಳು. ನಮ್ಮ ತಂಡದ ಒಬ್ಬ ಸಹೋದರನಿಗೆ ಇದಕ್ಕಾಗಿ ಇಷ್ಟು ದೂರ ಬರಬೇಕಿತ್ತೇ ಎಂದು ಬೇಸರವಾಯಿತು. ಎರಡನೆಯ ದಿನದ ಹೊತ್ತಿಗೆ ಆ ಇಬ್ಬರು ಯುವಕರು ಮಕ್ಕಳನ್ನು ನಡೆಸುತ್ತಿದ್ದ ರೀತಿಯನ್ನು ಕಂಡು ಆ ಸಹೋದರನ ಮನಸ್ಸು ತಿಳಿಯಾಯಿತು.

ನಮ್ಮ ತಂಡದವರ ಮೊದಲ ಯೋಜನೆಯಲ್ಲಿ ಒಂದು ದಿನ ಅನಾಥಾಲಯಕ್ಕೆ ಭೇಟಿ ಕೊಡುವುದೂ ಇತ್ತು. ಅದನ್ನು ನಾನು ಹಟ ಹಿಡಿದು ಕೈಬಿಡಿಸಿದೆ. ಅನಾಥಾಲಯಗಳಲ್ಲಿರುವ ಐವರು ಮಕ್ಕಳಲ್ಲಿ ನಾಲ್ವರಿಗಾದರೂ ತಂದೆ ತಾಯಿಯರಲ್ಲಿ ಒಬ್ಬರಾದರೂ ಬದುಕಿದ್ದಾರೆಂದು ಸೇವ್ ದ ಚಿಲ್ಡ್ರನ್ ಸಂಸ್ಥೆ 2009ರಲ್ಲೇ ತಿಳಿಸಿತ್ತು. ಅನಾಥಾಲಯಗಳಲ್ಲಿ ನಡೆಯುವ ಸ್ವಯಂಸೇವೆಯಿಂದ ಮಕ್ಕಳಿಗೆ ಆಗುವ ಹಾನಿಯನ್ನು ತಡೆಯಬೇಕೆಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2019ರಲ್ಲಿ ನಿರ್ಣಯವನ್ನೂ ಮಾಡಿದೆ. ನೋಡಲು ಬರುವವರಿಂದ ಹಣ ಹರಿದು ಬರುವುದಾದರೆ, ಮಕ್ಕಳನ್ನು ಮನೆಗೆ ಕಳುಹಿಸದೆ ಅಲ್ಲೇ ಇಟ್ಟುಕೊಳ್ಳುವುದಕ್ಕೆ ಅದೇ ಕಾರಣವಾಗಬಹುದು. ಅದಲ್ಲದೆ, ಒಮ್ಮೆ ಬಿಟ್ಟುಹೋದವರ ನೋವನ್ನು ಉಂಡಿರುವ ಮಗುವಿನ ಬಳಿ ಒಂದು ದಿನದ ಮಟ್ಟಿಗೆ ಪ್ರೀತಿ ತೋರಿಸಿ ಮರುದಿನ ಎದ್ದುಹೋಗುವುದು ಸೇವೆಯೆಂದು ನನ್ನ ಮನಸ್ಸು ಒಪ್ಪುವುದಿಲ್ಲ.

ಮಕ್ಕಳ ಸುರಕ್ಷತೆಯ ನಿಯಮಗಳನ್ನು ಬರವಣಿಗೆಯಲ್ಲಿ ಇಟ್ಟುಕೊಂಡೇ ಹೋದೆವು. ನಾಲ್ವರೂ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ಪಡೆದೆವು, ನಡತೆಯ ನಿಯಮಗಳಿಗೆ ಸಹಿ ಹಾಕಿದೆವು. ಯಾವ ಮಗುವಿನ ಜೊತೆಯೂ ಒಬ್ಬರೇ ವಯಸ್ಕರು ಇರಕೂಡದು. ಶೌಚಾಲಯಕ್ಕೆ ಕರೆದೊಯ್ಯುವುದು ಸ್ಥಳೀಯ ಶಿಕ್ಷಕಿಯರೇ, ಅದೂ ಇಬ್ಬರು. ಮಗು ತಾನಾಗಿ ಕೈ ಚಾಚಿದರೆ ಕೈ ಹಿಡಿಯಬಹುದು, ಆದರೆ ನಾವಾಗಿ ಎತ್ತಿಕೊಳ್ಳುವುದು, ತೊಡೆಯ ಮೇಲೆ ಕೂರಿಸಿಕೊಳ್ಳುವುದು ಬೇಡ. ಬೆಳಿಗ್ಗೆ ಕರೆತಂದವರ ಹೆಸರು ಬರೆದುಕೊಂಡು, ಮಧ್ಯಾಹ್ನ ಅವರ ಕೈಗೇ ಒಪ್ಪಿಸುವುದು. ಪ್ರೀತಿಗೆ ಇಷ್ಟೊಂದು ಕಟ್ಟುಪಾಡೇಕೆ ಎಂದು ಕೆಲವರು ಕೇಳುತ್ತಾರೆ. ಈ ಚಿಕ್ಕವರಲ್ಲಿ ಒಬ್ಬನನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರದಲ್ಲಿ ಮುಳುಗಿಸುವುದೇ ಮೇಲೆಂದು ಹೇಳಿದವನು ನಮ್ಮ ಕರ್ತನೇ. ಮಕ್ಕಳ ಕಾವಲಿನ ವಿಷಯದಲ್ಲಿ ಅದಕ್ಕಿಂತ ಕಠಿಣವಾದ ಮಾತನ್ನು ನಾನು ಕೇಳಿಲ್ಲ.

ಫೋಟೊ ವಿಷಯದಲ್ಲಂತೂ ಮೊದಲ ಸಲ ನಾವು ಮಾಡಿದ್ದು ತಪ್ಪು. ಮಕ್ಕಳ ಮುಖಗಳನ್ನು ಯಾರನ್ನೂ ಕೇಳದೆ ತೆಗೆದು ಎಲ್ಲರಿಗೂ ಹಂಚಿದ್ದೆವು. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೆಯ ವಿಧಿ ಮಗುವಿನ ಖಾಸಗಿತನವನ್ನು ಕಾಪಾಡಬೇಕೆನ್ನುತ್ತದೆ. ನನ್ನ ಸ್ವಂತ ಮಗಳ ಫೋಟೊವನ್ನು ಗುರುತಿಲ್ಲದವರು ಹಾಗೆ ಹಂಚಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ ಎಂಬುದು ಹೊಳೆದಾಗ ನಾಚಿಕೆಯಾಯಿತು. ಎರಡನೆಯ ಸಲ ನಾವು ತೆಗೆದದ್ದು ಮಕ್ಕಳು ಮಾಡಿದ ಕರಕುಶಲ ವಸ್ತುಗಳ ಫೋಟೊ ಮಾತ್ರ.

ವೀಸಾದ ಬಗ್ಗೆ ಒಂದೇ ಮಾತು: ಪ್ರವಾಸಿ ವೀಸಾದಲ್ಲಿ ಹೋಗಿ ಧರ್ಮೋಪದೇಶ ಮಾಡುವುದನ್ನು ಹಲವು ದೇಶಗಳು ಒಪ್ಪುವುದಿಲ್ಲ. ಕರೆದ ಸಭೆಯಿಂದ ಆಮಂತ್ರಣ ಪತ್ರ ತರಿಸಿಕೊಂಡು, ಮಾಡಲಿರುವ ಕೆಲಸವನ್ನು ಇದ್ದದ್ದು ಇದ್ದ ಹಾಗೆ ರಾಯಭಾರ ಕಚೇರಿಗೆ ತಿಳಿಸಿಯೇ ಹೋಗಬೇಕು. ಸುಳ್ಳು ಬರೆದು ಹೋದರೆ ಅದರ ಪೆಟ್ಟು ಬೀಳುವುದು ಅಲ್ಲೇ ಉಳಿಯುವ ಸಭೆಯ ಮೇಲೆ.

ಅಕ್ಷರವಿಲ್ಲದ ಪುಸ್ತಕದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬಣ್ಣದ ಹಾಳೆಗಳಿಂದಲೇ ಸುವಾರ್ತೆ ತಿಳಿಸುವ ಈ ಪುಸ್ತಕದ ಮೂಲ, 1866ರಲ್ಲಿ ಇಂಗ್ಲೆಂಡಿನ ಬೋಧಕ ಸ್ಪರ್ಜನ್ ಲಂಡನ್ನಿನಲ್ಲಿ ಮಾಡಿದ ಒಂದು ಧರ್ಮೋಪದೇಶ. ಆಗ ಇದ್ದದ್ದು ಮೂರೇ ಹಾಳೆಗಳು: ಪಾಪಕ್ಕೆ ಕಪ್ಪು, ಯೇಸುವಿನ ರಕ್ತಕ್ಕೆ ಕೆಂಪು, ತೊಳೆದ ಹೃದಯಕ್ಕೆ ಬಿಳಿ. 1875ರಲ್ಲಿ ಅಮೆರಿಕದ ಸುವಾರ್ತಿಕ ಡಿ. ಎಲ್. ಮೂಡಿ ಪರಲೋಕವನ್ನು ಸೂಚಿಸುವ ಚಿನ್ನದ ಬಣ್ಣ ಸೇರಿಸಿದರು. ವಿಶ್ವಾಸದಲ್ಲಿ ಬೆಳೆಯುವುದನ್ನು ತೋರಿಸುವ ಹಸಿರು ಅದಕ್ಕೂ ನಂತರ ಬಂದದ್ದು. ಮೊದಲ ಸಲ ನಾನು ಕಪ್ಪು ಹಾಳೆಯನ್ನು ಎತ್ತಿ ಹಿಡಿದು, ಇದು ಪಾಪ ಎಂದು ಆರಂಭಿಸಿದ್ದೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬಳು ಪುಟ್ಟ ಹುಡುಗಿ ಹಾಳೆಯನ್ನು ನೋಡಿದಳು, ತನ್ನ ಮುಂಗೈ ನೋಡಿಕೊಂಡಳು, ಆಮೇಲೆ ಆ ಕೈಯನ್ನು ಲಂಗದ ಮಡಿಕೆಯೊಳಗೆ ಸರಿಸಿದಳು. ನಾನು ಅದನ್ನು ಕಂಡೂ ಪಾಠ ಮುಂದುವರಿಸಿದೆ. ಇಂದಿಗೂ ಆ ಗಳಿಗೆ ನನ್ನನ್ನು ಬಾಧಿಸುತ್ತದೆ.

ಎರಡನೆಯ ಸಲ ಈ ಸಂಗತಿಯನ್ನು ಶಿಕ್ಷಕಿಯ ಮುಂದಿಟ್ಟಾಗ, ತಾನು ಆ ಹಾಳೆಯನ್ನು ಹಾಗೆ ಎಂದೂ ತೋರಿಸಿಲ್ಲವೆಂದರು. ಅವರು ಚಿನ್ನದ ಹಾಳೆಯಿಂದ ಆರಂಭಿಸುತ್ತಾರೆ: ನಿನ್ನನ್ನು ಉಂಟುಮಾಡಿದ ದೇವರು ನಿನ್ನನ್ನು ಪ್ರೀತಿಸುತ್ತಾನೆ ಎಂಬುದು ಮೊದಲ ಮಾತು. ಕಪ್ಪು ಹಾಳೆ ಬಂದಾಗ ಬಣ್ಣದ ಮಾತೇ ಎತ್ತದೆ, ಕಣ್ಣು ಮುಚ್ಚಿಕೊಳ್ಳಿ ಎನ್ನುತ್ತಾರೆ. ದಾರಿ ಕಾಣದ ಕತ್ತಲೆ ಎಂದು ಹೇಳುತ್ತಾರೆ. ಬಿಳಿ ಹಾಳೆಗೆ ಅವರು ಕೊಟ್ಟ ಹೆಸರು ತೊಳೆದ ಹಾಳೆ. ಅವರ ಸೂಚನೆಯಂತೆ ಈ ಸಲ ಬಟ್ಟೆಯಲ್ಲೇ ಪುಸ್ತಕ ಹೊಲಿದೆವು, ಒಂದು ಅಂಗೈಯಷ್ಟು ಅಗಲದ ಐದು ತುಂಡುಗಳು. ಕಾಗದದ ಪುಸ್ತಕ ಮಕ್ಕಳ ಕೈಯಲ್ಲಿ ಎರಡು ದಿನವೂ ಬಾಳುತ್ತಿರಲಿಲ್ಲ. ಕೈ ಮುಚ್ಚಿಕೊಂಡಿದ್ದ ಆ ಹುಡುಗಿ ಈ ಸಲ ಪುಸ್ತಕವನ್ನು ತಿರುವಿಹಾಕಿ ತನ್ನ ತಮ್ಮನಿಗೆ ಹೇಳಿಕೊಡುವುದನ್ನು ನಾನು ಹಿಂದಿನ ಸಾಲಿನಿಂದ ನೋಡಿದೆ.

ಸ್ಥಳೀಯರ ಒತ್ತಾಯಕ್ಕೆ ನಾನು ಒಂದೇ ಒಂದು ಕಥೆ ಹೇಳಿದೆ, ರೊಟ್ಟಿ ಮೀನಿನ ಹುಡುಗನದು. ದುಭಾಷಿಯ ಮೂಲಕ ಕಥೆ ಹೇಳುವುದು ಬೇರೆಯೇ ಒಂದು ಅಭ್ಯಾಸ. ಎಂಟು ನಿಮಿಷದ ಕಥೆ ಹದಿನಾರು ನಿಮಿಷವಾಗುತ್ತದೆ, ಆದ್ದರಿಂದ ಅರ್ಧಕ್ಕೆ ಇಳಿಸಿಕೊಂಡೇ ಹೋಗಬೇಕು. ನುಡಿಗಟ್ಟು ಬೇಡ, ಅರ್ಧ ವಾಕ್ಯಕ್ಕೆ ನಿಲ್ಲಿಸುವುದೂ ಬೇಡ. ಸಣ್ಣ ಸಣ್ಣ ಪೂರ್ಣ ವಾಕ್ಯಗಳಿರಬೇಕು. ಬರೆದ ಕಥೆಯನ್ನು ಹಿಂದಿನ ರಾತ್ರಿ ದುಭಾಷಿ ಸಹೋದರನಿಗೆ ಕೊಟ್ಟಾಗ, "ಇಲ್ಲಿ ಅವನು ಎಂದರೆ ಯೇಸುವೋ, ಶಿಷ್ಯ ಅಂದ್ರೆಯನೋ, ಹುಡುಗನೋ?" ಎಂದು ಮೂರು ಕಡೆ ಗುರುತು ಹಾಕಿ ಕೇಳಿದರು. ಮೊದಲ ಸಲ ಹೀಗೆ ಕೇಳಲು ನಾವು ಯಾರಿಗೂ ಅವಕಾಶ ಕೊಟ್ಟಿರಲಿಲ್ಲ. ಆ ಐದು ದಿನ ಮಕ್ಕಳಿಗೆ ಏನೇನು ಕೇಳಿಸಿತ್ತೋ, ದೇವರಿಗೇ ಗೊತ್ತು.

ಪ್ರಾರ್ಥನೆಗೆ ಕೈ ಎತ್ತಿಸುವ ವಿಷಯದಲ್ಲೂ ನನ್ನ ಅಭಿಪ್ರಾಯ ಬದಲಾಗಿದೆ. ಯೇಸುವನ್ನು ಅಂಗೀಕರಿಸುವವರು ಕೈ ಎತ್ತಿ ಎಂದು ಮೊದಲ ಸಲ ಕೇಳಿದಾಗ ಕೋಣೆಯಲ್ಲಿದ್ದ ಎಲ್ಲರೂ ಎತ್ತಿದರು, ಒಬ್ಬ ಐದು ವರ್ಷದವನು ಪಕ್ಕದವನನ್ನು ನೋಡಿ ಎರಡೂ ಕೈ ಎತ್ತಿದ. ನಾವು ಆ ಸಂಖ್ಯೆಯನ್ನು ವರದಿಯಲ್ಲಿ ಬರೆದೆವು. ದೂರದಿಂದ ಬಂದ ಅತಿಥಿಯ ಮಾತನ್ನು ಮಕ್ಕಳು ತೆಗೆದುಹಾಕುವುದಿಲ್ಲ; ಅತಿಥಿ ಬಯಸಿದ್ದನ್ನು ಕೊಡುತ್ತಾರೆ. ಅದನ್ನು ವಿಶ್ವಾಸವೆಂದು ಎಣಿಸುವುದು ಮಕ್ಕಳಿಗೂ ವಿಶ್ವಾಸಕ್ಕೂ ಮಾಡುವ ಅನ್ಯಾಯ. ಅಲ್ಲಿನ ಮಕ್ಕಳಲ್ಲಿ ಬೇರೆ ಧರ್ಮದ ಮನೆಗಳಿಂದ ಬಂದವರೂ ಇದ್ದರು. ಆದ್ದರಿಂದ ಈ ಸಲ, ಇದು ಬೈಬಲ್ ಪಾಠವೆಂದು ಸ್ಥಳೀಯ ಶಿಕ್ಷಕರು ಹೆತ್ತವರಿಗೆ ಮೊದಲೇ ಮನೆಮನೆಗೆ ಹೋಗಿ ಹೇಳಿ, ಅವರ ಒಪ್ಪಿಗೆ ಪಡೆದು ಮಕ್ಕಳನ್ನು ಸೇರಿಸಿಕೊಂಡರು. ಕೈ ಎತ್ತಿಸಲಿಲ್ಲ, ಎಣಿಸಲೂ ಇಲ್ಲ. ಮನಸ್ಸಿನಲ್ಲಿ ಪ್ರಶ್ನೆಯಿರುವ ಮಗು ತನ್ನ ಶಿಕ್ಷಕಿಯ ಬಳಿ ಯಾವ ಭಾನುವಾರ ಬೇಕಾದರೂ ಕೇಳಬಹುದಲ್ಲವೇ?

ಹೊರಡುವ ದಿನ ಉಡುಗೊರೆ ಚೀಲಗಳಿರಲಿಲ್ಲ. ನಾವು ತಂದ ಬಣ್ಣ, ಕತ್ತರಿ, ಬಟ್ಟೆಗಳನ್ನೆಲ್ಲ ಹಿಂದಿನ ರಾತ್ರಿಯೇ ಶಿಕ್ಷಕಿಯ ಪೆಟ್ಟಿಗೆಯಲ್ಲಿ ಇಟ್ಟಿದ್ದೆವು. ಅವು ಮಕ್ಕಳಿಗೆ ಸಿಗುವುದಾದರೆ ಅವರ ಕೈಯಿಂದಲೇ ಸಿಗಬೇಕೆಂಬುದು ನಮ್ಮ ಎಣಿಕೆ. ಆ ಬೆಳಿಗ್ಗೆ ಶಿಕ್ಷಕಿ ಕಂಠಪಾಠ ವಾಕ್ಯ ಕೇಳುತ್ತಿದ್ದರು. ನಾವು ಚೀಲ ಹೊತ್ತು ಬಾಗಿಲ ಬಳಿ ನಿಂತಾಗ ಮಕ್ಕಳು ತಿರುಗಿ ನೋಡಿ ಕೈ ಬೀಸಿದರು, ಮತ್ತೆ ಶಿಕ್ಷಕಿಯ ಕಡೆ ತಿರುಗಿ ವಾಕ್ಯ ಮುಂದುವರಿಸಿದರು. ಯಾರೂ ಅಳಲಿಲ್ಲ. ನನ್ನ ಕಣ್ಣು ತುಂಬಿ ಬಂದದ್ದು ನಿಜ, ಆದರೆ ಅದು ಬೇರೆ ಬಗೆಯ ಕಣ್ಣೀರು.

ಮೂರು ವಾರಗಳ ನಂತರ ಶಿಕ್ಷಕಿಯಿಂದ ಸಂದೇಶ ಬಂತು. ವಿ.ಬಿ.ಎಸ್.ಗೆ ಬಂದಿದ್ದ 58 ಮಕ್ಕಳಲ್ಲಿ 44 ಮಂದಿ ಮೂರೂ ಭಾನುವಾರ ತರಗತಿಗೆ ಬಂದಿದ್ದಾರೆ, ಆ ಇಬ್ಬರು ಯುವಕರು ಪಕ್ಕದ ಹಳ್ಳಿಯಲ್ಲಿ ಮತ್ತೊಂದು ತರಗತಿ ಆರಂಭಿಸಿದ್ದಾರೆ, ಅದಕ್ಕಾಗಿ ಇನ್ನೂ ಮೂರು ಪುಸ್ತಕ ಹೊಲಿಯುತ್ತಿದ್ದಾರೆ, ಹಸಿರು ಬಟ್ಟೆ ಸಾಲದಾಗಿದೆ. ಮರುದಿನವೇ ಎರಡು ಮೀಟರ್ ಹಸಿರು ಬಟ್ಟೆ ಕೊಂಡು ಅಂಚೆಯಲ್ಲಿ ಕಳುಹಿಸಿದೆ.